ನುಣುಪಿನ ಸಂಗೀತವೂ ರಸಿಕರ ತಾತ್ಸಾರವೂ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮಾರ್ಗವಾಗಿ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೋಗತಕ್ಕ ಯಾತ್ರಿಕರಿಗೆ ಇಂದು ಮಾದಪ್ಪನ ಹಾಡಿಗೆ ಬರವಿಲ್ಲ. ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ, ಪೂಜಾಸಾಮಗ್ರಿಯ ಅಂಗಡಿಗಳಲ್ಲಿ, ಮದುವೆಯ ಛತ್ರಗಳಲ್ಲಿ, ಕಡೆಗೆ ಪ್ರತಿಯೊಬ್ಬನ ಅಂಗೈಯಲ್ಲಿರುವ ಫೋನಿನಲ್ಲಿಯೂ ಅದು ಕೇಳಿಬರುತ್ತದೆ. ಕಂಠ ಇಂಪಾದುದು, ವಾದ್ಯಗಳ ಮೇಳ ಹದವಾದುದು, ತಾಳವು ಎಲ್ಲಿಯೂ ಎಡವುವುದಿಲ್ಲ, ನಾಲ್ಕೈದು ನಿಮಿಷಗಳಲ್ಲಿ ಒಂದು ಹಾಡು ಮುಗಿದು ಮತ್ತೊಂದಕ್ಕೆ ಎಡೆಗೊಡುತ್ತದೆ. ಹೀಗಿದ್ದರೂ ಇದೇ ಸೀಮೆಯಲ್ಲಿ ದೇವರ ಗುಡ್ಡರ ಕಂಸಾಳೆಯ ಕಥೆಯನ್ನು ರಾತ್ರಿಯಿಡೀ ಕುಳಿತು ಕೇಳಿದವರು ಈ ಹಾಡು ಕಿವಿಗೆ ಬಿದ್ದೊಡನೆ ಮುಖ ಸಿಂಡರಿಸುತ್ತಾರೆ. ಇವರಿಗೆ ಹೊಟ್ಟೆಕಿಚ್ಚೆಂದು ಕೆಲವರೂ, ಇವರು ಮಾಧುರ್ಯದ ದ್ವೇಷಿಗಳೆಂದು ಕೆಲವರೂ, ಜನಸಾಮಾನ್ಯರ ಸಂತೋಷವನ್ನು ಕಂಡರಾಗದ ಗರ್ವಿಷ್ಠರೆಂದು ಕೆಲವರೂ ಆಡಿಕೊಳ್ಳುವುದುಂಟು. ಈ ಮೂರು ಆಪಾದನೆಗಳಲ್ಲಿ ಮೊದಲಿನ ಎರಡು ವಿಚಾರಕ್ಕೆ ನಿಲ್ಲತಕ್ಕವಲ್ಲ. ಮೂರನೆಯದರಲ್ಲಿ ಮಾತ್ರ, ಆಪಾದಿಸುವವರು ಎಣಿಸಿದುದಕ್ಕಿಂತ ಬೇರೆಯಾದ ಒಂದು ಸತ್ಯ ಅಡಗಿದೆ.

ಈ ಜಗಳವು ಕಾವೇರಿಯ ದಂಡೆಯಲ್ಲಿಯೇ ಹುಟ್ಟಿದುದೆಂದು ಭಾವಿಸಬೇಕಾಗಿಲ್ಲ. ಅಮೆರಿಕಾ ದೇಶದಲ್ಲಿ ಇದೇ ಜಗಳವು ಸ್ಯಾಕ್ಸೋಫೋನ್ ಎಂಬ ವಾದ್ಯದ ಸುತ್ತ ದಶಕಗಳಿಂದ ನಡೆಯುತ್ತಿದೆ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ಈ ವಾದ್ಯವನ್ನು ನಿರ್ಮಿಸಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಹಕ್ಕನ್ನು ಪಡೆದನು. ದಂಡಿನ ಬ್ಯಾಂಡುಗಳಲ್ಲಿ ಬೆಳೆದ ಆ ಪಿತ್ತಾಳೆಯ ಕೊಳವೆಯು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ನಗರದ ಕಪ್ಪುಜನರ ಬೀದಿಗಳಲ್ಲಿ ರೂಪುಗೊಂಡ ಜಾಝ್ ಸಂಗೀತದ ಕೈಗೆ ಬಂದು ಮನುಷ್ಯನ ಕಂಠದಂತೆ ಮಾತನಾಡಲು ಕಲಿಯಿತು. ಮುಂದೆ 1980ರ ದಶಕದಲ್ಲಿ ಆ ವಾದ್ಯವನ್ನೇ ಮುಂದಿಟ್ಟುಕೊಂಡು 'ಸ್ಮೂತ್ ಜಾಝ್' ಎಂಬ ನುಣುಪಿನ ಸಂಗೀತವೊಂದು ಹೊರಟಿತು. ಕೆನ್ನಿ ಜಿ ಎಂಬ ವಾದಕನು ಅದರ ಅಧಿನಾಯಕನಾದನು. ಆತನು 1992ರಲ್ಲಿ ಹೊರತಂದ 'ಬ್ರೆತ್‌ಲೆಸ್' ಎಂಬ ಸಂಗ್ರಹವು ಅಮೆರಿಕವೊಂದರಲ್ಲಿಯೇ 1 ಕೋಟಿ 20 ಲಕ್ಷ ಪ್ರತಿಗಳ ಗಡಿಯನ್ನು ಮುಟ್ಟಿತು. ಮತ್ತಾವ ಜಾಝ್ ವಾದಕನೂ ಕನಸಿನಲ್ಲಿಯೂ ಕಾಣದ ಸಂಖ್ಯೆ ಇದು. ಆದರೆ ಜಾಝ್ ಬಲ್ಲವರ ಮುಂದೆ ಆತನ ಹೆಸರೆತ್ತಿದರೆ ಸಾಕು, ಹನೂರಿನ ಜಗಲಿಯ ಮೇಲೆ ಸಿಂಡರಿಸಿದ ಅದೇ ಮುಖವು ಅಲ್ಲಿಯೂ ಕಾಣುತ್ತದೆ.

ಈ ತಾತ್ಸಾರವು ಸ್ಫೋಟಗೊಂಡುದು ಒಂದು ನಿರ್ದಿಷ್ಟವಾದ ಕಾರಣದಿಂದ. ಜಾಝಿನ ಪಿತಾಮಹರಲ್ಲೊಬ್ಬನಾದ ಲೂಯಿ ಆರ್ಮ್‌ಸ್ಟ್ರಾಂಗನು 1967ರಲ್ಲಿ ಹಾಡಿದ ಪ್ರಸಿದ್ಧಗೀತವೊಂದರ ಧ್ವನಿಮುದ್ರಣದ ಮೇಲೆ, ಆತನು ಗತಿಸಿ 28 ವರ್ಷಗಳಾದ ಬಳಿಕ, ಅಂದರೆ 1999ರಲ್ಲಿ, ಕೆನ್ನಿ ಜಿ ತನ್ನ ಸ್ಯಾಕ್ಸೋಫೋನಿನ ನಾದವನ್ನು ಹೊದಿಸಿ ಮಾರಾಟಕ್ಕಿಟ್ಟನು. ಮರುವರ್ಷ ಗಿಟಾರ್ ವಾದಕನಾದ ಪ್ಯಾಟ್ ಮೆಥೀನಿಯು ಇದನ್ನು ಕುರಿತು ಬರೆದ ಕಟುವಾದ ಖಂಡನೆಯು ಲೋಕವೆಲ್ಲ ಸುತ್ತಿತು. ಅಲ್ಲಿಯೂ ಒಡನೆಯೇ ಕೇಳಿಬಂದ ಸಮಾಧಾನ ಒಂದೇ: 'ಇವರಿಗೆ ಹೊಟ್ಟೆಕಿಚ್ಚು.'

ಮೊದಲು ಈ ಹೊಟ್ಟೆಕಿಚ್ಚಿನ ಮಾತನ್ನೇ ಪರೀಕ್ಷಿಸಬಹುದು. ಜಾಝ್ ರಸಿಕರಿಗೆ ಹಣದ ಮೇಲೆ ದ್ವೇಷವಿದ್ದಿದ್ದರೆ ಕೋಲ್ಮನ್ ಹಾಕಿನ್ಸನನ್ನೂ ಅವರು ತಿರಸ್ಕರಿಸಬೇಕಾಗಿತ್ತು. ಆತನು 1939ರಲ್ಲಿ 'ಬಾಡಿ ಅಂಡ್ ಸೋಲ್' ಎಂಬ ಜನಪ್ರಿಯಗೀತವನ್ನು ಸ್ಯಾಕ್ಸೋಫೋನಿನಲ್ಲಿ ನುಡಿಸಿದಾಗ, ಆರಂಭದ ಕೆಲವು ಆವರ್ತಗಳ ಹೊರತು ಮೂಲದ ಧಾಟಿಯನ್ನು ಮುಟ್ಟಲೇ ಇಲ್ಲ. ಆದಾಗ್ಯೂ ಆ ತಟ್ಟೆಯು ಪೇಟೆಯಲ್ಲಿ ಚೆನ್ನಾಗಿ ಮಾರಾಟವಾಯಿತು. ಪಂಡಿತರೂ ಅದನ್ನು ಇಂದಿಗೂ ಪಾಠವೆಂದು ಕೇಳುತ್ತಾರೆ. ಜಾನ್ ಕೋಲ್ಟ್ರೇನನು 1961ರಲ್ಲಿ ಹೊರತಂದ 'ಮೈ ಫೇವರಿಟ್ ಥಿಂಗ್ಸ್' ಹದಿಮೂರು ನಿಮಿಷಗಳಿಗೂ ಮೀರಿದ ವಾದನ. ಅದರಲ್ಲಿ ನುಡಿದುದು ಕೆನ್ನಿ ಜಿ ಹಿಡಿದಿರುವ ಸೊಪ್ರಾನೋ ಸ್ಯಾಕ್ಸೋಫೋನೇ. ಅದಕ್ಕೂ ಹಣ ಬಂದಿತು, ಕೀರ್ತಿಯೂ ಬಂದಿತು, ತಾತ್ಸಾರ ಮಾತ್ರ ಬರಲಿಲ್ಲ. ಆದುದರಿಂದ ದೋಷವು ಹಣದಲ್ಲಿಯೂ ಇಲ್ಲ, ವಾದ್ಯದಲ್ಲಿಯೂ ಇಲ್ಲ.

ಕನ್ನಡನಾಡಿನೊಳಗೇ ಇದಕ್ಕೆ ಉತ್ತಮವಾದ ಸಾಕ್ಷ್ಯವಿದೆ. ಬಂಟವಾಳ ತಾಲ್ಲೂಕಿನ ಸಜಿಪದಲ್ಲಿ ನಾಗಸ್ವರದ ಮನೆತನದಲ್ಲಿ ಜನಿಸಿದ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮೋಹಿತರಾಗಿ, ಆ ವಿದೇಶೀಯ ವಾದ್ಯವನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡು, ಕರ್ಣಾಟಕ ಸಂಗೀತದ ಕಛೇರಿಯ ವೇದಿಕೆಗೆ ಏರಿಸಿದರು. ಅವರು 1994ರಲ್ಲಿ 'ಡ್ಯುಯೆಟ್' ಎಂಬ ತಮಿಳು ಚಲನಚಿತ್ರಕ್ಕೂ ನುಡಿಸಿದರು. ಅದೇ ವರ್ಷ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿಯೂ ನುಡಿಸಿದರು. ಸಿನಿಮಾದ ಹಣ ಅವರ ಕಛೇರಿಯನ್ನು ಕೆಡಿಸಲಿಲ್ಲ. ಮುಂದೆ 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರು ಅವರೊಡನೆ ಸೇರಿ 'ಕಿನ್ಸ್‌ಮೆನ್' ಎಂಬ ಸಂಗ್ರಹವನ್ನು ಹೊರತಂದರು. ಕೆನ್ನಿ ಜಿಯನ್ನು ಕಂಡು ಮೂಗುಮುರಿಯುವ ಸಮುದಾಯವೇ ಗೋಪಾಲನಾಥರನ್ನು ಗೌರವಿಸಿತು. ಅವರು 2019ರಲ್ಲಿ ಮಂಗಳೂರಿನಲ್ಲಿ ಗತಿಸುವ ಪರ್ಯಂತ ಅವರ ಜನಪ್ರಿಯತೆಯನ್ನು ಯಾವ ರಸಿಕನೂ ಅಪರಾಧವೆಂದು ಎಣಿಸಲಿಲ್ಲ.

ಇನ್ನು ಮಾಧುರ್ಯದ ದ್ವೇಷವೆಂಬ ಆಪಾದನೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರು ತಂಬೂರಿಯನ್ನು ಎದೆಗೊತ್ತಿಕೊಂಡು ಸಿದ್ದಪ್ಪಾಜಿಯ ಕಥೆಯನ್ನು ಎತ್ತಿಕೊಳ್ಳುವುದನ್ನು ಕೇಳಿದವರಾರೂ ಅಲ್ಲಿ ಮಾಧುರ್ಯವಿಲ್ಲವೆಂದು ಹೇಳಲಾರರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕಾನದಲ್ಲಿ ಮಾಧುರ್ಯಕ್ಕೆ ಏನು ಕೊರತೆ? ಸಿಹಿಯು ಊಟದಲ್ಲಿ ಒಂದು ರಸ. ಉಪ್ಪು, ಹುಳಿ, ಕಾರ, ಕಹಿಗಳ ನಡುವೆ ಅದಕ್ಕೆ ಸ್ಥಾನವೂ ಉಂಟು, ಬೆಲೆಯೂ ಉಂಟು. ಎಲೆಯ ತುಂಬ ಬೆಲ್ಲವನ್ನೇ ಬಡಿಸಿ ಇದೇ ಊಟವೆಂದರೆ, ಬೇಡವೆಂದವನನ್ನು ಸಿಹಿಯ ಶತ್ರುವೆಂದು ಕರೆಯುವುದು ನ್ಯಾಯವಲ್ಲ.

ಹಾಗಾದರೆ ರಸಿಕರ ಮುಖವು ಸಿಂಡರಿಸುವುದು ಏತಕ್ಕೆ? ನುಣುಪಿನ ಸಂಗೀತದಲ್ಲಿ ಉತ್ತರ ಕೊಡುವವನಿಲ್ಲ ಎಂಬುದಕ್ಕೆ. ಜಾಝ್ ಎಂದರೆ ಮೂಲತಃ ಸಂಭಾಷಣೆ. ಸ್ಯಾಕ್ಸೋಫೋನ್ ಒಂದು ಮಾತನ್ನೆತ್ತುತ್ತದೆ. ಮದ್ದಳೆಯವನು ಅದನ್ನು ಒಪ್ಪಬಹುದು, ತಡೆಯಬಹುದು, ಕೆಣಕಬಹುದು. ಪಿಯಾನೋದವನು ಬೇರೊಂದು ದಾರಿಯನ್ನು ತೋರಿಸಬಹುದು. ಇಂದು ನುಡಿಸಿದುದು ನಾಳೆ ಹಾಗೆಯೇ ಬರುವುದಿಲ್ಲ. ಒಬ್ಬ ಜೊತೆಗಾರನು ಬದಲಾದರೆ ಇಡೀ ವಾದನವೇ ಬದಲಾಗುತ್ತದೆ. ಎಡವುವ ಭಯವೂ, ಎಡವಿದಾಗ ಕೈಹಿಡಿಯುವ ಸಂಗಾತಿಯೂ ಅಲ್ಲಿ ಸದಾ ಇರುತ್ತವೆ. ನುಣುಪಿನ ಸಂಗೀತದಲ್ಲಾದರೋ ಹಿನ್ನೆಲೆಯನ್ನು ಬಹುಮಟ್ಟಿಗೆ ಮೊದಲೇ ಸಿದ್ಧಪಡಿಸಿ ಇಟ್ಟಿರುತ್ತಾರೆ. ವಾದಕನು ಏನು ನುಡಿಸಿದರೂ ಅದು ಕದಲುವುದಿಲ್ಲ. ಕೆನ್ನಿ ಜಿ 1997ರಲ್ಲಿ ಒಂದೇ ಸ್ವರವನ್ನು 45 ನಿಮಿಷ 47 ಸೆಕೆಂಡುಗಳ ಕಾಲ ಹಿಡಿದು ಗಿನ್ನೆಸ್ ದಾಖಲೆಗೆ ಪಾತ್ರನಾದನು. ಶ್ವಾಸದ ಸಾಧನೆಯಾಗಿ ಅದು ಆಶ್ಚರ್ಯಕರವೇ ಸರಿ. ಆದರೆ ಮುಕ್ಕಾಲು ಗಂಟೆಯ ಕಾಲ ಎದುರಿನವನಿಗೆ ಮಾತಿಗೆ ಎಡೆಗೊಡದವನನ್ನು ಸಂಭಾಷಣಾಚತುರನೆಂದು ಯಾರೂ ಹೊಗಳುವುದಿಲ್ಲ. ಸತ್ತವನ ಹಾಡಿನ ಮೇಲೆ ಹೊದಿಸಿದ ವಾದನವು ರಸಿಕರನ್ನು ಅಷ್ಟು ಕೆರಳಿಸಿದುದೂ ಈ ಕಾರಣದಿಂದಲೇ. ಆರ್ಮ್‌ಸ್ಟ್ರಾಂಗನು ಉತ್ತರ ಕೊಡುವಂತಿರಲಿಲ್ಲ.

ಈ ಮಾತನ್ನು ಕಂಸಾಳೆಗೆ ಅನ್ವಯಿಸಿ ನೋಡಬಹುದು. ದೇವರ ಗುಡ್ಡನು ಗುರುವಿನಿಂದ ದೀಕ್ಷೆ ಪಡೆದು ಕಂಸಾಳೆಯನ್ನೂ ಜೋಳಿಗೆಯನ್ನೂ ಹಿಡಿಯುತ್ತಾನೆ. ಎಡದ ಅಂಗೈಯಲ್ಲಿ ಬಟ್ಟಲಿನಂತಹ ಕಂಚು, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆಯ ತಾಳ. ಎರಡು ಕೈಗಳೊಳಗೇ ಸವಾಲು ಜವಾಬುಗಳು ನಡೆಯುತ್ತವೆ. ಮುಂದಾಳು ಕಥೆಯನ್ನು ನಡೆಸುತ್ತಾನೆ. ಹಿಮ್ಮೇಳದವರು ಸೊಲ್ಲನ್ನು ಹಿಡಿದು ಮರಳಿ ಎತ್ತಿಕೊಡುತ್ತಾರೆ. ಹಾಡು ಮಾತಾಗುತ್ತದೆ, ಮಾತು ಮತ್ತೆ ಹಾಡಾಗುತ್ತದೆ. ಎದುರಿಗೆ ಕುಳಿತ ಹೆಂಗಸರು ಕಣ್ಣೊರೆಸಿಕೊಂಡರೆ ಕಥೆಗಾರನು ಅಲ್ಲಿ ನಿಂತು ಇನ್ನಷ್ಟು ಹೇಳುತ್ತಾನೆ. ಕೂಸುಗಳು ತೂಕಡಿಸಿದರೆ ನಗೆಯ ಮಾತೊಂದನ್ನು ಎಸೆಯುತ್ತಾನೆ. ಧ್ವನಿಮುದ್ರಿತವಾದ ನಾಲ್ಕು ನಿಮಿಷದ ಹಾಡಿನಲ್ಲಿಯೂ ಕಂಸಾಳೆಯ ದನಿ ಇದೆ. ಆದರೆ ಅದು ಒಡವೆಯಂತೆ ಅಲ್ಲಲ್ಲಿ ಹೊಳೆದು ಮಾಯವಾಗುತ್ತದೆ. ಅದು ಯಾರನ್ನೂ ಕೇಳುತ್ತಿಲ್ಲ. ಅದಕ್ಕೆ ಯಾರೂ ಓಗೊಡಬೇಕಾಗಿಯೂ ಇಲ್ಲ.

ಎರಡನೆಯ ಕಾರಣವು ಕಾಲಕ್ಕೆ ಸಂಬಂಧಪಟ್ಟುದು. ಮಾದೇಶ್ವರನ ಕಾವ್ಯವು ಸಾಲುಸಾಲಾಗಿ ನಡೆಯತಕ್ಕದ್ದು. ಶ್ರವಣನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ ಒಂದೊಂದಕ್ಕೂ ಹಲವು ಗಂಟೆಗಳು ಬೇಕು. ಪೂರ್ತಿ ಹಾಡಲು ಹಲವು ರಾತ್ರಿಗಳು ಸಾಲವು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖವು ಮೂರು ನಾಲ್ಕು ನಿಮಿಷಗಳನ್ನಷ್ಟೇ ಹಿಡಿಯುತ್ತಿತ್ತು. ತರುವಾಯ ಬಂದ ಧ್ವನಿಸುರುಳಿಯ ಒಂದು ಮಗ್ಗುಲು ಅರ್ಧ ಗಂಟೆಯನ್ನು ಹಿಡಿಯಿತು. ಇಂದಿನ ಯಂತ್ರಗಳು ಎಷ್ಟನ್ನಾದರೂ ಹಿಡಿಯಬಲ್ಲವು. ವಿಚಿತ್ರವೆಂದರೆ, ಪಾತ್ರೆ ದೊಡ್ಡದಾದಷ್ಟೂ ಅದರಲ್ಲಿ ಬಡಿಸುವ ತುತ್ತು ಚಿಕ್ಕದಾಗುತ್ತಿದೆ. ಇದು ಯಂತ್ರದ ಅಡ್ಡಿಯಲ್ಲ, ವ್ಯಾಪಾರದ ಅಳತೆ. ಅಮೆರಿಕದಲ್ಲಿಯೂ ನುಣುಪಿನ ಸಂಗೀತವನ್ನು ಸಾಕಿದವು ಬಾನುಲಿ ನಿಲಯಗಳೇ. ಅಂತಹ ಒಂದು ನಿಲಯವು 1987ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಆರಂಭವಾಗಿ ಇತರರಿಗೆ ಮೇಲ್ಪಂಕ್ತಿಯಾಯಿತು. ಕಛೇರಿಯ ಕೆಲಸಕ್ಕೆ ಅಡ್ಡಿಬರದ, ಜಾಹೀರಾತುಗಳ ನಡುವೆ ಹಿತವಾಗಿ ಹರಿಯತಕ್ಕ ನಾದವೇ ಅವಕ್ಕೆ ಬೇಕಾಗಿದ್ದುದು. ಗಮನವನ್ನು ಸೆಳೆಯದಿರುವುದೇ ಅದರ ಗುಣವಾಯಿತು. ಇದರ ಫಲವನ್ನೂ ಕಾಣಬಹುದು. ನ್ಯೂಯಾರ್ಕಿನ ಪ್ರಸಿದ್ಧ ನಿಲಯವು 2008ರಲ್ಲಿ ಈ ಸಂಗೀತವನ್ನು ಕೈಬಿಟ್ಟು ರಾಕ್ ಸಂಗೀತವನ್ನು ಹಿಡಿಯಿತು. ಅದೇ ಕಾಲದಲ್ಲಿ ಇನ್ನೂ ಹಲವು ನಿಲಯಗಳು ಅದನ್ನು ಬಿಟ್ಟವು. ಗಮನವಿಟ್ಟು ಕೇಳದೆ ಇದ್ದುದನ್ನು ಕಳೆದುಕೊಂಡಾಗ ಹಂಬಲಿಸುವವರು ವಿರಳ. ಚೀನಾ ದೇಶದಲ್ಲಿ ಕೆನ್ನಿ ಜಿಯ 'ಗೋಯಿಂಗ್ ಹೋಮ್' ಎಂಬ ವಾದನವನ್ನು ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ಹಾಕುವ ರೂಢಿಯುಂಟು. ಅದು ಕೇಳಿಸಿದೊಡನೆ ಜನರು ಎದ್ದು ಮನೆಗೆ ಹೊರಡುತ್ತಾರೆ. ಕಂಸಾಳೆಯ ಮೊದಲ ಪೆಟ್ಟು ಕೇಳಿಸಿದರೆ ಹೊರಟವರೂ ಮರಳಿ ಬಂದು ಕುಳಿತುಕೊಳ್ಳುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಗುರುತರವಾದ ಕಾರಣ. ಕತ್ತರಿಯು ಕಾಲವನ್ನು ಮಾತ್ರ ಕತ್ತರಿಸುವುದಿಲ್ಲ. ಅದು ಕಹಿಯನ್ನು ಆಯ್ದು ಕತ್ತರಿಸುತ್ತದೆ. ಸಂಕಮ್ಮನ ಸಾಲಿನಲ್ಲಿ ಕಾಡಿಗೆ ಹೊರಟ ಗಂಡನು ಹೆಂಡತಿಯ ಶೀಲವನ್ನು ಶಂಕಿಸಿ ಆಣೆಭಾಷೆಯನ್ನು ಕೇಳುತ್ತಾನೆ; ಅವಳು ಕೊಡಲೊಪ್ಪುವುದಿಲ್ಲ. ಅದಕ್ಕಾಗಿ ಅವಳು ಪಡತಕ್ಕ ಹಿಂಸೆಯನ್ನೂ, ಕಾಡಿನಲ್ಲಿ ಒಂಟಿಯಾಗಿ ಬಿದ್ದಿರುವ ಅವಳ ಬಳಿಗೆ ಮಾದಪ್ಪನು ಬರುವುದನ್ನೂ ಗುಡ್ಡರು ಹಾಡುವಾಗ ಸಭೆಯಲ್ಲಿ ಕುಳಿತ ಗಂಡಸರು ತಲೆತಗ್ಗಿಸುವಂತಾಗುತ್ತದೆ. ಮಂಟೇಸ್ವಾಮಿಯು ಕಲ್ಯಾಣದ ಬಾಗಿಲಿಗೆ ಬರುವುದು ಕುಷ್ಠರೋಗಿಯ ವೇಷದಲ್ಲಿ, ನಾರುವ ಮೈಯಲ್ಲಿ. ಆ ದುರ್ಗಂಧವನ್ನು ಸಹಿಸಲಾರದ ಡಂಭದ ಶರಣರ ಬಣ್ಣವು ಅಲ್ಲಿ ಬಯಲಾಗುತ್ತದೆ. ಸಿದ್ದಪ್ಪಾಜಿಯು ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿ ಪಡಬಾರದ ಪಾಡು ಪಡುತ್ತಾನೆ. ಇವುಗಳಲ್ಲಿ ಯಾವುದು ಮದುವೆಯ ಛತ್ರದಲ್ಲಿ ಊಟದ ಹೊತ್ತಿಗೆ ಹಾಕಲು ತಕ್ಕುದು? ಯಾವುದೂ ಅಲ್ಲ. ಆದುದರಿಂದ ಅವು ಕೈಬಿಟ್ಟುಹೋಗುತ್ತವೆ. ಹೂವು, ದುಂಡುಮಲ್ಲಿಗೆ, ಹುಲಿವಾಹನ, ಜಯಕಾರಗಳು ಉಳಿಯುತ್ತವೆ. ಆಣೆಯಿಡೆನೆಂದ ಹೆಂಗಸು ಹೋದಳು. ನಾರುವ ಜಂಗಮನು ಹೋದನು. ಪ್ರಶ್ನೆ ಹೋಯಿತು, ಸ್ತುತಿ ನಿಂತಿತು. ಈ ಕಾವ್ಯಗಳನ್ನು ಕಟ್ಟಿದ ಬಡವರು ಉಳ್ಳವರಿಗೂ ಬಲ್ಲವರಿಗೂ ಹೇಳಬೇಕೆಂದಿದ್ದುದೇ ನುಣುಪಾಗಿ ಅಳಿಸಿಹೋಯಿತು. ರಸಿಕರ ತಾತ್ಸಾರಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಾಗಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ಸಂಪ್ರದಾಯವೆಂಬುದು ಸದಾ ಬದಲಾಗುತ್ತಲೇ ಬಂದುದಲ್ಲವೇ, ಒಬ್ಬ ಗುಡ್ಡನು ಹಾಡಿದಂತೆ ಮತ್ತೊಬ್ಬನು ಹಾಡುವನೇ ಎಂಬುದು ಒಂದು. ಹಾಡುವುದಿಲ್ಲ, ನಿಜ. ಆದರೆ ಆ ಗುಡ್ಡನು ತನ್ನ ಗುರುವಿಗೂ, ಹಿಮ್ಮೇಳಕ್ಕೂ, ಕಥೆ ಬಲ್ಲ ಹಿರಿಯರಿಗೂ ಜವಾಬುದಾರನಾಗಿ ಬದಲಿಸುತ್ತಾನೆ. ತಪ್ಪಿದರೆ ಸಭೆಯೇ ತಿದ್ದುತ್ತದೆ. ಮಾರಾಟದ ಅಳತೆಗೆ ಕತ್ತರಿಸುವವನನ್ನು ತಿದ್ದುವವರು ಯಾರು? ಎರಡನೆಯದು ಇನ್ನೂ ಯುಕ್ತವಾದುದು. 'ಸೋಜುಗದ ಸೂಜುಮಲ್ಲಿಗೆ' ಎಂಬ ಮಾದಪ್ಪನ ಹಾಡನ್ನು ಅನನ್ಯಾ ಭಟ್ಟರು ಕೊಯಮತ್ತೂರಿನ ಈಶ ಪ್ರತಿಷ್ಠಾನದ ಶಿವರಾತ್ರಿಯ ವೇದಿಕೆಯಲ್ಲಿ ಹಾಡಿದುದರಿಂದಲೂ, 2021ರಲ್ಲಿ 'ಗರುಡ ಗಮನ ವೃಷಭ ವಾಹನ' ಚಲನಚಿತ್ರದಲ್ಲಿ ಚೈತ್ರಾ ಆಚಾರ್ ಹಾಡಿದುದರಿಂದಲೂ, ಮಲೆಯ ಮಾದೇಶ್ವರನ ಹೆಸರನ್ನೇ ಕೇಳದವರ ಮನೆಗಳಿಗೆ ಆ ಹಾಡು ತಲುಪಿತು. ಆ ಕಂಠಗಳಲ್ಲಿ ದೋಷವಿಲ್ಲ. ಆ ಹಾಡನ್ನು ಮೆಚ್ಚಿದವರಲ್ಲಿಯೂ ದೋಷವಿಲ್ಲ. ಇದು ಬಾಗಿಲು, ಇದರ ಮೂಲಕ ಜನರು ಒಳಗೆ ಬರುವರು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಬಾಗಿಲಿನ ಹಿಂದೆ ಮನೆ ಇರಬೇಕು, ಒಳಗೆ ದೀಪವಿರಬೇಕು, 'ಬನ್ನಿ, ಕುಳಿತುಕೊಳ್ಳಿ' ಎನ್ನುವವರಿರಬೇಕು. ಹಾಡಿನ ಬೆನ್ನುಹತ್ತಿ ಹನೂರಿಗೆ ಬಂದ ಯುವಕನೊಬ್ಬನು ಒಂದು ಸಾಲನ್ನು ಪೂರ್ತಿಯಾಗಿ ಎಲ್ಲಿ ಕೇಳಬಹುದೆಂದು ವಿಚಾರಿಸಿದರೆ, ಇಂತಹ ದಿನ ಇಂತಹವರ ಮನೆಯಲ್ಲಿ ಎಂದು ಹೇಳಬಲ್ಲ ವಿದ್ಯಾವಂತರು ಎಷ್ಟು ಮಂದಿ?

ಇಲ್ಲಿಗೆ ಮೂರನೆಯ ಆಪಾದನೆಯ ವಿಚಾರ ಬರುತ್ತದೆ. ರೇಷ್ಮೆಯ ಮಗ್ಗದ ಮುಂದೆ ಹಗಲೆಲ್ಲ ದುಡಿದ ಕೊಳ್ಳೇಗಾಲದ ಗೃಹಿಣಿಯು ಸಂಜೆ ಒಂದು ಹಿತವಾದ ಹಾಡನ್ನು ಹಾಕಿಕೊಂಡು ಬೆನ್ನು ಚಾಚಿದರೆ, ಅವಳನ್ನು ಹಳಿಯುವವನು ರಸಿಕನಲ್ಲ, ಮೂರ್ಖನು. ಅವಳಿಗೆ ಬೇಕಾದುದು ವಿಶ್ರಾಂತಿ. ಅದು ಅವಳಿಗೆ ನ್ಯಾಯವಾಗಿ ಸಲ್ಲತಕ್ಕದ್ದು. ಹಾಡಿನ ಮೇಲಿನ ತೀರ್ಪು ಕೇಳುಗರ ಮೇಲಿನ ತೀರ್ಪಾಗಕೂಡದು. ಜಾಝ್ ರಸಿಕರು ಹಲವು ವೇಳೆ ಈ ಗೆರೆಯನ್ನು ದಾಟಿದ್ದಾರೆ; ಕೆನ್ನಿ ಜಿಯನ್ನು ಕೇಳುವವರನ್ನೇ ನಗೆಗೀಡುಮಾಡಿ, ತಮ್ಮ ಸಂಗೀತದ ಬಾಗಿಲನ್ನು ತಾವೇ ಮುಚ್ಚಿಕೊಂಡಿದ್ದಾರೆ. ಕನ್ನಡದ ರಸಿಕರ ಲೆಕ್ಕವು ಇದಕ್ಕಿಂತ ಕೆಟ್ಟದಾಗಿದೆ. ನುಣುಪಿನ ಹಾಡಿನ ಮೇಲೆ ಇಂದು ಸಿಡಿಮಿಡಿಗೊಳ್ಳುವ ವಿದ್ಯಾವಂತ ಕುಟುಂಬಗಳಲ್ಲಿ ಎಷ್ಟೋ ಮನೆಗಳು, ಒಂದೆರಡು ತಲೆಮಾರುಗಳ ಹಿಂದೆ, ಗುಡ್ಡನೋ ನೀಲಗಾರನೋ ಬಾಗಿಲಿಗೆ ಬಂದಾಗ ಒಂದು ಹಿಡಿ ರಾಗಿಯನ್ನು ಜೋಳಿಗೆಗೆ ಸುರಿದು, ಹಾಡು ಮೊದಲಾಗುವ ಮುಂಚೆಯೇ ಮುಂದೆ ಹೋಗೆಂದು ಕೈಸನ್ನೆ ಮಾಡಿದ ಮನೆಗಳೇ. ಜಗಲಿಯ ಆಚೆಗೆ ನಿಲ್ಲಿಸಿ ಕೇಳಿದ ಮನೆಗಳೂ ಉಂಟು. ಆಗ ಅದು ಭಿಕ್ಷುಕರ ಗದ್ದಲ. ಈಗ ಅದು ಜಾನಪದ ಮಹಾಕಾವ್ಯ. ಪಿ. ಕೆ. ರಾಜಶೇಖರರು ಸಂಪಾದಿಸಿದ ಮಾದೇಶ್ವರ ಕಾವ್ಯವು 1973ರಲ್ಲಿ ಅಚ್ಚಾದ ಮೇಲೆ, ಬಾಗಿಲಲ್ಲಿ ಸಲ್ಲದಿದ್ದುದು ಬೀರುವಿನಲ್ಲಿ ಸಂದಿತು. ಸಂಪಾದಕರ ಶ್ರಮವು ಪೂಜ್ಯವಾದುದು. ಆದರೆ ಬೀರುವಿನೊಳಗಿನ ಪುಸ್ತಕಕ್ಕೆ ಹಿಮ್ಮೇಳವಿಲ್ಲ.

ವ್ಯಾಪಾರಿಯು ಕಾವ್ಯದ ಕಹಿಯನ್ನು ಕತ್ತರಿಸಿದನೆಂದು ದೂರುವವರು ಇದನ್ನು ಯೋಚಿಸಬೇಕು. ಅವನು ನಾಲ್ಕು ನಿಮಿಷಗಳನ್ನಾದರೂ ಕೇಳಿ ಹಣ ಕೊಟ್ಟನು. ದೂರುವವರು ಕೊಟ್ಟುದೆಷ್ಟು? ಕೇಳಿದುದೆಷ್ಟು ಹೊತ್ತು? ಉತ್ಸವದ ವೇದಿಕೆಯ ಮೇಲೆ ಗಣ್ಯರ ಭಾಷಣಗಳ ನಡುವೆ ಬೀಸು ಕಂಸಾಳೆಗೆ ಹತ್ತು ನಿಮಿಷ, ಗೊರುಕಾನಕ್ಕೆ ಐದು ನಿಮಿಷ ಎಂದು ಗಡಿಯಾರ ನೋಡಿ ಗೊತ್ತುಮಾಡುವವರು ವ್ಯಾಪಾರಿಗಳಲ್ಲ, ಪದವೀಧರರೇ. ಉತ್ತರ ಕೊಡುವವನಿಲ್ಲದ ಸಂಗೀತವನ್ನು ನಿಂದಿಸುವವರು, ತಾವು ಎದುರಿಗೆ ಕುಳಿತು ಉತ್ತರ ಕೊಡದಿದ್ದರೆ, ಅವರ ನಿಂದೆಯೂ ಹಿನ್ನೆಲೆಯ ನಾದವಷ್ಟೇ ಆಗುತ್ತದೆ. ಜಾಝ್ ಉಳಿದುದು ಕೆನ್ನಿ ಜಿಯನ್ನು ಬೈದುದರಿಂದಲ್ಲ. ಸಣ್ಣಸಣ್ಣ ಕೊಠಡಿಗಳಲ್ಲಿ ಹಣ ಕೊಟ್ಟು, ನಡುರಾತ್ರಿಯವರೆಗೆ ಕುಳಿತು ಕೇಳಿದವರಿಂದ.

ಸಾಂಗತ್ಯದಲ್ಲಿ ಬರೆದ ಸಂಚಿಯ ಹೊನ್ನಮ್ಮನ ಯಳಂದೂರಿಗೂ, ಮಾದಪ್ಪನ ಎಪ್ಪತ್ತೇಳು ಮಲೆಗಳ ಹನೂರಿಗೂ, ಆ ಮಲೆಗಳ ಹೆಬ್ಬಾಗಿಲಾದ ಕೊಳ್ಳೇಗಾಲಕ್ಕೂ ಈ ಕೆಲಸವು ಹೊರಲಾರದ ಹೊರೆಯಲ್ಲ. ಗೃಹಪ್ರವೇಶಕ್ಕೋ, ಮಗುವಿನ ನಾಮಕರಣಕ್ಕೋ, ಹಿರಿಯರ ಸ್ಮರಣೆಗೋ ಧ್ವನಿವರ್ಧಕದವನಿಗೂ ಚಪ್ಪರದ ದೀಪಾಲಂಕಾರಕ್ಕೂ ಕೊಡತಕ್ಕ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಗುಡ್ಡರ ಮೇಳವನ್ನೋ ನೀಲಗಾರರ ಮೇಳವನ್ನೋ ವೀಳ್ಯ ಕೊಟ್ಟು ಕರೆಯಿಸಿ, ಪಂಕ್ತಿಯಲ್ಲಿ ಕೂರಿಸಿ ಊಟವಿಟ್ಟು, ಒಂದು ಸಾಲನ್ನು ಮೊದಲಿನಿಂದ ಕಡೆಯವರೆಗೆ ಹಾಡಿಸಬೇಕು. ಕಥೆ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಮೇಳದವರನ್ನು ಕೇಳಕೂಡದು. ಮನೆಯ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಸಂಕಮ್ಮನು ಆಣೆಯಿಡಲೊಲ್ಲೆನೆಂದದ್ದು ಏಕೆಂದು ಅವರು ಕೇಳಿದರೆ ಮನೆಯ ಹಿರಿಯರು ಉತ್ತರ ಹೇಳಬೇಕು. ವರ್ಷಕ್ಕೆ ಒಂದು ರಾತ್ರಿಯನ್ನು ಹೀಗೆ ಕಳೆದ ಮನೆಯವರು, ಮರುದಿನ ಬಸ್ಸಿನಲ್ಲಿ ನುಣುಪಿನ ಹಾಡು ಕೇಳಿಬಂದಾಗ, ಬೇಕಾದರೆ ಮುಖ ಸಿಂಡರಿಸಲಿ.